ಶಿವಮೊಗ್ಗದ ನಾಯಿ ಕ್ಲಿನಿಕ್ಕಿಗೆ ಐದು ಸಲ ಹೋಗಿ ಬಂದ್ಮೇಲೆ: ನಮ್ಮ ಚಂದುಗೆ ಯಾವ ಲಸಿಕೆ ಹಾಕ್ಸಿದ್ವಿ, ಯಾವ್ದು ಬಿಟ್ವಿ

ನಾವಿರೋದು ಸಾಗರ ತಾಲೂಕು, ಪೇಟೆಯಿಂದ 14 ಕಿಲೋಮೀಟರ್ ಒಳಗೆ. ಸುತ್ತ ಅಡಿಕೆ ತೋಟ, ಕೆಳಗೆ ಗದ್ದೆ, ಮನೆಗೆ ಅಂಟ್ಕೊಂಡೇ ಕೊಟ್ಟಿಗೆ. ನಮ್ಮ ಕಡೆ ನಾಯಿ ಇಲ್ದಿರೋ ಮನೆ ಹುಡುಕ್ಬೇಕು, ಆದ್ರೆ ನಾಯಿಗೆ ಇಂಜೆಕ್ಷನ್ ಹಾಕ್ಸೋಕೆ ಅಂತ 80 ಕಿಲೋಮೀಟರ್ ಮೇಲೆ ಗಾಡಿ ಓಡ್ಸ್ಕೊಂಡು ಶಿವಮೊಗ್ಗಕ್ಕೆ ಹೋಗ್ತೀವಿ ಅಂದ್ರೆ ಊರಲ್ಲಿ ಈಗ್ಲೂ ಒಂಥರಾ ನೋಡ್ತಾರೆ. ಈ ವರ್ಷ ಐದು ಸಲ ಹೋಗಿ ಬಂದ್ವಿ. ಆ ಕ್ಲಿನಿಕ್ ಬಗ್ಗೆ, ಅಲ್ಲಿ ಡಾಕ್ಟ್ರು ಮೇಡಂ ಯಾವ ಲಸಿಕೆ ಬೇಕು ಅಂದ್ರು ಯಾವ್ದು ಬೇಡ ಅಂದ್ರು ಯಾಕೆ ಅಂದ್ರು ಅನ್ನೋದನ್ನೆಲ್ಲ ಬರೀತಿದೀನಿ, ಯಾಕಂದ್ರೆ ಎರಡು ವರ್ಷದ ಹಿಂದೆ ಯಾರಾದ್ರೂ ಇದನ್ನ ನನಗೆ ಹೇಳಿದ್ರೆ ನಮ್ಮ ರಾಜ ಉಳೀತಿದ್ನೋ ಏನೋ. ಕ್ಲಿನಿಕ್ ಹೆಸರು ಹಾಕಿಲ್ಲ, ಹಾಕ್ಲಾ ಅಂತ ಕೇಳಿದ್ದಕ್ಕೆ ಮೇಡಂ ಬೇಡ ಅಂದ್ರು, ನೋಡೋದು ಅವ್ರೊಬ್ರೇ, ಈಗ ಬರೋ ಜನಕ್ಕೇ ಟೈಮ್ ಸಾಲ್ತಿಲ್ಲ.

ರಾಜನ ವಿಷಯ ಮೊದ್ಲು ಹೇಳ್ಬೇಕು. ಏಳು ವಾರದ ಮರಿ ತಂದಿದ್ವಿ, ತಂದ ಎರಡನೇ ದಿನಾನೇ ಹತ್ರದಲ್ಲೇ ಒಂದು ಕಡೆ ಕರ್ಕೊಂಡು ಹೋಗಿ ಇಂಜೆಕ್ಷನ್ ಹಾಕ್ಸಿದ್ವಿ. ಎಲ್ಲಿ ಅಂತ ಹೇಳಲ್ಲ. ಯಾವ ಲಸಿಕೆ ಅಂತ ಅವ್ರು ಹೇಳ್ಲಿಲ್ಲ, ನಾವೂ ಕೇಳ್ಲಿಲ್ಲ, ಸಿರಿಂಜಲ್ಲಿ ಆಗ್ಲೇ ತುಂಬಿಟ್ಟಿದ್ದನ್ನ ತಂದು ಹಾಕಿದ್ರು, ಒಂದು ಚಿಕ್ಕ ಚೀಟಿ ಮೇಲೆ ತಾರೀಕು ಬರೆದು ಕೊಟ್ರು, ‘ಆಯ್ತು, ಇನ್ನು ಒಂದು ವರ್ಷ ಚಿಂತೆ ಇಲ್ಲ’ ಅಂದ್ರು. ನಾವು ನಂಬಿದ್ವಿ. ಹನ್ನೊಂದನೇ ವಾರದಲ್ಲಿ ಒಂದಿನ ಬೆಳಿಗ್ಗೆ ಹಾಲು ಮುಟ್ಲಿಲ್ಲ, ಮಧ್ಯಾಹ್ನ ವಾಂತಿ, ರಾತ್ರಿ ಹೊತ್ತಿಗೆ ರಕ್ತ ಭೇದಿ. ಆ ವಾಸನೆ ಒಂದ್ಸಲ ನೋಡಿದೋರು ಯಾವತ್ತೂ ಮರೆಯಲ್ಲ. ಪಾರ್ವೊ ಅನ್ನೋ ವೈರಸ್ ಕಾಯಿಲೆ. ನಾಲ್ಕು ದಿನ ಡ್ರಿಪ್ ಹಾಕ್ಸಿದ್ವಿ, ಒಂಬತ್ತು ಸಾವಿರ ಖರ್ಚಾಯ್ತು, ಖರ್ಚಿನ ಮಾತು ಬಿಡಿ, ಐದನೇ ದಿನ ಬೆಳಗಿನ ಜಾವ ಅಮ್ಮನ ಮಡಿಲಲ್ಲೇ ಹೋದ. ಅಮ್ಮ ಒಂದು ತಿಂಗಳು ಆ ಜಗಲಿ ಮೂಲೆ ಗುಡಿಸೋಕೇ ಹೋಗ್ಲಿಲ್ಲ.

ಇಂಜೆಕ್ಷನ್ ಹಾಕ್ಸಿದ್ರೂ ಯಾಕೆ ಬಂತು ಅನ್ನೋದು ಒಂದು ವರ್ಷ ನನ್ನ ತಲೇಲಿ ಕೊರೀತಾನೇ ಇತ್ತು. ಲಸಿಕೆ ಡೂಪ್ಲಿಕೇಟ್ ಇರ್ಬೇಕು ಅಂತ ಊರಲ್ಲಿ ಎಲ್ರೂ ಹೇಳಿದ್ರು, ನಾನೂ ಹಾಗೇ ಅಂದ್ಕೊಂಡಿದ್ದೆ. ಈ ಮೇಡಂ ಹತ್ರ ಮೊದಲ ದಿನ ಹೋದಾಗ ಕೇಳಿದ್ದೇ ಅದನ್ನ. ಅವ್ರು ಹೇಳಿದ್ದು ಹೀಗೆ: ತಾಯಿ ಹಾಕೋ ಮೊದಲ ಗಿಣ್ಣು ಹಾಲಲ್ಲಿ ಮರಿಗೆ ರೋಗ ತಡೆಯೋ ಶಕ್ತಿ ಬಂದಿರುತ್ತೆ, ಮೊದಲ ಕೆಲವು ವಾರ ಮರೀನ ಕಾಯೋದೇ ಅದು. ಆದ್ರೆ ಅದೇ ಶಕ್ತಿ ಲಸಿಕೆ ಒಳಗೆ ಹೋದಾಗ ಅದನ್ನೂ ರೋಗಾಣು ಅಂತ ತಿಳ್ಕೊಂಡು ಹೊಡೆದು ಹಾಕ್ಬಿಡುತ್ತೆ, ಮರಿ ದೇಹಕ್ಕೆ ಕಲಿಯೋಕೆ ಅವಕಾಶಾನೇ ಸಿಗಲ್ಲ. ಈ ತಾಯಿ ಹಾಲಿನ ಶಕ್ತಿ ಕೆಲವು ಮರೀಲಿ ಎಂಟು ವಾರಕ್ಕೆ ಇಳಿದಿರುತ್ತೆ, ಕೆಲವು ಮರೀಲಿ ಹದಿನಾಲ್ಕು ವಾರ ಆದ್ರೂ ಇರುತ್ತೆ, ಹೊರಗಿಂದ ನೋಡಿ ಗೊತ್ತಾಗಲ್ಲ. ಅದಕ್ಕೇ ಒಂದೇ ಡೋಸ್ ಸಾಲಲ್ಲ, ಆರರಿಂದ ಎಂಟು ವಾರದ ಒಳಗೆ ಶುರು ಮಾಡಿ ಎರಡರಿಂದ ನಾಲ್ಕು ವಾರಕ್ಕೊಂದು ಹಾಕ್ತಾ ಹೋಗ್ಬೇಕು, ಕೊನೇದು 16 ವಾರಕ್ಕೆ ಅಥವಾ ಅದಾದ್ಮೇಲೇ ಬೀಳ್ಬೇಕು. ಮರಿ ಲಸಿಕೆಯಲ್ಲಿ ಒಂದೇ ಒಂದು ತಾರೀಕು ನೆನಪಿಟ್ಕೋಬೇಕು ಅಂದ್ರೆ ಇದನ್ನ ಇಟ್ಕೊಳ್ಳಿ ಅಂದ್ರು. ರಾಜನಿಗೆ ಹಾಕಿದ್ದು ಒಳ್ಳೇ ಲಸಿಕೇನೇ ಇರಬಹುದು, ಏಳನೇ ವಾರದಲ್ಲಿ ಅದು ಕೆಲಸ ಮಾಡಿರಲ್ಲ, ಮುಂದಿನ ಡೋಸ್ ಬೀಳ್ಲೇ ಇಲ್ಲ. ಅದನ್ನ ಕೇಳಿ ನಾನು ಕ್ಲಿನಿಕ್ಕಲ್ಲೇ ಅತ್ತೆ. ಮೇಡಂ ಏನೂ ಹೇಳ್ದೆ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ರು, ಹೊರಗೆ ಅಷ್ಟು ಜನ ಇದ್ರೂ.

ಚಂದು ಬಂದಿದ್ದು ಮಾರ್ಚ್‌ನಲ್ಲಿ, ನಮ್ಮ ಚಿಕ್ಕಮ್ಮನ ಮನೆ ನಾಟಿ ನಾಯಿ ಹಾಕಿದ ಮರಿ. ರಾಜ ಹೋದ್ಮೇಲೆ ಒಂದು ವರ್ಷದ ಮೇಲೆ ಕಾದಿದ್ವಿ, ಪಾರ್ವೊ ವೈರಸ್ ನೆಲದಲ್ಲಿ ಒಂದು ವರ್ಷದ ತನಕಾನೂ ಬದುಕಿರುತ್ತೆ ಅಂತ ಡ್ರಿಪ್ ಹಾಕಿದ ಕಡೆ ಹೇಳಿದ್ರು, ಸೋಪು ಫಿನಾಯಿಲ್‌ಗೆಲ್ಲ ಅದು ಸಾಯಲ್ಲ, ಬ್ಲೀಚಿಂಗ್ ನೀರಲ್ಲಿ ಜಗಲಿ ಎಲ್ಲ ತೊಳೆದು ರಾಜನ ಗೋಣಿಚೀಲ, ತಟ್ಟೆ ಎಲ್ಲ ಸುಟ್ವಿ. ಚಂದು ಬಂದ ವಾರಾನೇ ಶಿವಮೊಗ್ಗಕ್ಕೆ ಕರ್ಕೊಂಡು ಹೋದ್ವಿ, ಅವತ್ತು ಮೇಡಂ ಲಸಿಕೆ ಹಾಕ್ಲೇ ಇಲ್ಲ! ಅಷ್ಟು ದೂರದಿಂದ ಬಂದಿದೀವಿ ಅಂದ್ರೂ ಹಾಕ್ಲಿಲ್ಲ. ಹೊಟ್ಟೆ ಉಬ್ಬಿತ್ತು, ಕಕ್ಕ ನೋಡಿದ್ರು, ಹುಳ ಇತ್ತು. ಹುಳದ ಔಷಧಿ ತೂಕ ನೋಡಿ ಕೊಟ್ರು, ಹತ್ತು ದಿನ ಬಿಟ್ಟು ಬನ್ನಿ, ಲಸಿಕೆ ಅನ್ನೋದು ಗಟ್ಟಿ ಇರೋ ಮರಿಗೇ ಹಾಕ್ಬೇಕು ಅಂದ್ರು. ನಮ್ಮ ಯಜಮಾನ್ರಿಗೆ ದಾರಿಯುದ್ದಕ್ಕೂ ಬೇಜಾರು, ಒಂದಿನ ಹೋಯ್ತು, ಪೆಟ್ರೋಲ್ ಹೋಯ್ತು ಅಂತ. ನನಗೆ ಮಾತ್ರ ಅವತ್ತೇ ಈ ಡಾಕ್ಟ್ರ ಮೇಲೆ ನಂಬಿಕೆ ಬಂತು. ದುಡ್ಡು ತಗೊಂಡು ಹಾಕಿ ಕಳ್ಸೋದು ಅವ್ರಿಗೆ ಐದು ನಿಮಿಷದ ಕೆಲಸ ಆಗಿತ್ತು.

ಎರಡನೇ ಸಲ ಹೋದಾಗ ಇಂಜೆಕ್ಷನ್‌ಗಿಂತ ಜಾಸ್ತಿ ಹೊತ್ತು ಪ್ರಶ್ನೆಗೇ ಹಿಡೀತು. ಮನೇಲಿ ಕಟ್ಟಿ ಹಾಕ್ತೀರಾ ಬಿಟ್ಟಿರ್ತೀರಾ? ಗದ್ದೆ ನೀರಿಗೆ ಇಳಿಯುತ್ತಾ? ಇಲಿ ಹಿಡಿಯುತ್ತಾ, ಅಡಿಕೆ ಇಡೋ ಕೋಣೇಲಿ ಇಲಿ ಇದ್ಯಾ? ದನ ಎಷ್ಟಿದೆ? ಕಾಡು ಎಷ್ಟು ದೂರ, ನರಿ ಬರುತ್ತಾ? ಬೇರೆ ನಾಯಿಗಳ ಜೊತೆ ಎಲ್ಲಾದ್ರೂ ಬಿಟ್ಟು ಊರಿಗೆ ಹೋಗೋದಿದ್ಯಾ? ಮನೇಲಿ ಚಿಕ್ಕ ಮಕ್ಕಳಿದಾರಾ? ಇದೆಲ್ಲ ಯಾಕೆ ಕೇಳ್ತಿದಾರೆ ಅಂತ ಮೊದ್ಲು ಅರ್ಥ ಆಗ್ಲಿಲ್ಲ. ಆಮೇಲೆ ಗೊತ್ತಾಯ್ತು, ಎಲ್ಲಾ ನಾಯಿಗೂ ಬೇಕೇ ಬೇಕು ಅನ್ನೋ ಲಸಿಕೆ ಕೆಲವು ಅಷ್ಟೇ ಇರೋದು, ಉಳಿದಿದ್ದು ನಾಯಿ ಎಲ್ಲಿ ಬದುಕುತ್ತೆ ಹೇಗೆ ಬದುಕುತ್ತೆ ಅನ್ನೋದ್ರ ಮೇಲೆ.

ಎಲ್ಲಕ್ಕೂ ಬೇಕಾಗಿರೋದು ಡಿಸ್ಟೆಂಪರ್ ಅಂದ್ರೆ ಉಸಿರು, ಹೊಟ್ಟೆ, ನರಕ್ಕೆಲ್ಲ ಹರಡೋ ವೈರಸ್ ಕಾಯಿಲೇದು, ಪಾರ್ವೊ, ಅಡಿನೊ ಅಂದ್ರೆ ಲಿವರ್ ಹಾಳು ಮಾಡೋ ಹೆಪಟೈಟಿಸ್‌ದು, ಮತ್ತೆ ರೇಬಿಸ್. ಬೆಂಗಳೂರಿನ ಒಂಬತ್ತನೇ ಮಹಡಿ ನಾಯಿಗೂ ಇದು ಬೇಕು ನಮ್ಮ ಕೊಟ್ಟಿಗೆ ನಾಯಿಗೂ ಬೇಕು. ಇದರ ಜೊತೆ ನಮ್ಮ ಚಂದುಗೆ ಖಂಡಿತ ಬೇಕು ಅಂತ ಮೇಡಂ ಹಟ ಹಿಡಿದು ಹೇಳಿದ್ದು ಲೆಪ್ಟೋದು. ಲೆಪ್ಟೋಸ್ಪೈರೋಸಿಸ್ ಅಂದ್ರೆ ನಮ್ಮ ಕಡೆ ಇಲಿ ಜ್ವರ ಅಂತೀವಲ್ಲ ಅದೇ. ಇಲಿ ಉಚ್ಚೆ ನೀರಿಗೆ ಸೇರುತ್ತೆ, ಮಳೆಗಾಲದಲ್ಲಿ ಗದ್ದೆ, ತೋಟದ ಕಪ್ಪು ಅಂದ್ರೆ ನೀರು ಹೋಗೋ ಕಾಲುವೆ, ಕೊಟ್ಟಿಗೆ ಹಿಂದಿನ ಹೊಂಡ ಎಲ್ಲಾ ಕಡೆ ನೀರು ನಿಂತಿರುತ್ತೆ, ನಾಯಿ ಅದರಲ್ಲಿ ಓಡಾಡುತ್ತೆ ಕುಡಿಯುತ್ತೆ, ಗಾಯದಿಂದಾನೋ ಬಾಯಿಂದಾನೋ ಒಳಗೆ ಹೋಗುತ್ತೆ, ಆಮೇಲೆ ಜಾಂಡೀಸು, ಕಿಡ್ನಿ ಹೋಗೋದು. ಅಷ್ಟೇ ಆಗಿದ್ರೆ ನಾಯಿ ಮಟ್ಟಿಗೆ ಇರ್ತಿತ್ತು, ಇದು ನಾಯಿ ಉಚ್ಚೆಯಿಂದ ಮನುಷ್ಯರಿಗೂ ಬರುತ್ತೆ. ಅಮ್ಮ ದಿನಾ ಬೆಳಿಗ್ಗೆ ಬರಿಗೈಯಲ್ಲಿ ಕೊಟ್ಟಿಗೆ ತೊಳೀತಾರೆ, ಬರಿಗಾಲಲ್ಲಿ ತೋಟಕ್ಕೆ ಹೋಗ್ತಾರೆ, ಹಾಗಾಗಿ ಚಂದುಗೆ ಹಾಕೋ ಲೆಪ್ಟೋ ಅರ್ಧ ನಿಮ್ಮ ಅಮ್ಮನಿಗೂ ಹಾಕಿದ ಹಾಗೆ ಅಂದ್ರು ಮೇಡಂ. ಆ ಮಾತು ಕೇಳಿದ್ಮೇಲೆ ನಮ್ಮ ಯಜಮಾನ್ರೂ ಖರ್ಚಿನ ಮಾತೆತ್ತಲಿಲ್ಲ.

ಲೆಪ್ಟೋ ವಿಷಯದಲ್ಲಿ ಎರಡು ಮುಖ್ಯ ಸಂಗತಿ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ, ನನಗೂ ಗೊತ್ತಿರ್ಲಿಲ್ಲ. ಒಂದು, ಮೊದಲ ಸಲ ಹಾಕ್ಸೋವಾಗ ಎರಡರಿಂದ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕೇ ಬೇಕು, ಒಂದು ಹಾಕ್ಸಿ ಬಿಟ್ರೆ ಪ್ರಯೋಜನ ಇಲ್ಲ. ಇನ್ನೊಂದು, ಇದರ ಬಲ ಸುಮಾರು ಒಂದು ವರ್ಷ ಅಷ್ಟೇ, ಹಾಗಾಗಿ ಪ್ರತಿ ವರ್ಷ ತಪ್ಪದೆ ಹಾಕ್ಸ್ಬೇಕು. ಡಿಸ್ಟೆಂಪರ್ ಪಾರ್ವೊ ಅಡಿನೊ ಹಾಗಲ್ಲ, ಮರೀಲಿ ಸರಿಯಾಗಿ ಮುಗಿಸಿ, ಆರು ತಿಂಗಳಿಗೋ ವರ್ಷಕ್ಕೋ ಒಂದು ಬೂಸ್ಟರ್ ಆದ್ರೆ ಆಮೇಲೆ ಮೂರು ವರ್ಷಕ್ಕೊಂದು ಸಾಕು ಅಂತ ನಾಯಿ ಬೆಕ್ಕಿನಂಥ ಸಣ್ಣ ಪ್ರಾಣಿಗಳ ವೈದ್ಯರ ಪ್ರಪಂಚದ ಸಂಘಟನೆ ಡಬ್ಲ್ಯುಎಸ್‌ಎವಿಎ ಹೇಳುತ್ತೆ. ನಮ್ಮಲ್ಲಿ ಎಷ್ಟೋ ಕಡೆ ಎಲ್ಲಾ ಸೇರಿಸಿದ ಲಸಿಕೆ ಪ್ರತಿ ವರ್ಷ ಚುಚ್ಚಿಬಿಡ್ತಾರೆ, ಯಾಕಂದ್ರೆ ಬಾಟ್ಲಿ ಬರೋದೇ ಹಾಗೆ, ಜನಕ್ಕೂ ಅಭ್ಯಾಸ ಆಗಿದೆ. ಮೇಡಂ ಮುಂದಿನ ಮೇ ತಿಂಗಳಿಗೆ ಚಂದುಗೆ ಲೆಪ್ಟೋ ಮತ್ತೆ ರೇಬಿಸ್ ಮಾತ್ರ ಅಂತ ಕಾರ್ಡಲ್ಲಿ ಬರೆದಿದಾರೆ. ಮೇ ಅಂತ ಯಾಕೆ ಅಂದ್ರೆ ಜೂನ್‌ಗೆ ಮಳೆ ಹಿಡ್ಕೊಳ್ಳೋದ್ರೊಳಗೆ ಮೈಯಲ್ಲಿ ಶಕ್ತಿ ಬಂದಿರ್ಬೇಕು. ನಾವು ಅಡಿಕೆಗೆ ಮಳೆ ಹಿಡಿಯೋದ್ರೊಳಗೆ ಕೊಳೆ ರೋಗ ಬರ್ದಿರ್ಲಿ ಅಂತ ಮೈಲುತುತ್ತ ಹೊಡೀತೀವಲ್ಲ ಹಾಗೆ, ಅಂತ ನಮ್ಮ ಯಜಮಾನ್ರು ಹೇಳಿದ್ರು, ಮೇಡಂಗೆ ಆ ಹೋಲಿಕೆ ತುಂಬಾ ಹಿಡಿಸ್ತು.

ಈಗ ಆ 7 ಇನ್ 1, 9 ಇನ್ 1, 10 ಇನ್ 1 ಅನ್ನೋ, ಹಲವು ರೋಗಕ್ಕೆ ಒಟ್ಟಿಗೆ ಹಾಕೋ ಲಸಿಕೆಗಳ ಗೊಂದಲ. ಊರಲ್ಲಿ ನಾಯಿ ಸಾಕೋರೆಲ್ಲ ‘ನಮ್ದಕ್ಕೆ 9 ಇನ್ 1 ಹಾಕ್ಸಿದೀವಿ’ ಅಂತಾರೆ, ನಂಬರ್ ದೊಡ್ಡದಿದ್ರೆ ಒಳ್ಳೇದು ಅನ್ನೋ ಲೆಕ್ಕ. ನಾನೂ ಮೇಡಂ ಹತ್ರ 10 ಇನ್ 1 ಇದ್ಯಾ ಅಂತಾನೇ ಕೇಳಿದ್ದು. ಅವ್ರು ಒಂದು ಖಾಲಿ ಬಾಟ್ಲಿ ತೆಗೆದು ಲೇಬಲ್ ಓದಿಸಿದ್ರು. ಡಿಎಚ್‌ಪಿಪಿಐ ಅಂತ ಇದ್ರೆ ಡಿಸ್ಟೆಂಪರ್, ಹೆಪಟೈಟಿಸ್, ಪಾರ್ವೊ, ಪ್ಯಾರಾಇನ್‌ಫ್ಲುಯೆನ್ಜಾ ಅನ್ನೋ ಕೆಮ್ಮಿನ ವೈರಸ್. ಕೊನೇಲಿ ಎಲ್ ಇದ್ರೆ ಲೆಪ್ಟೋ. ಈ ಲೆಪ್ಟೋದಲ್ಲೇ ಎರಡು ಬಗೆ ಇರೋದು ಬರುತ್ತೆ, ನಾಲ್ಕು ಬಗೆ ಇರೋದು ಬರುತ್ತೆ, ಅದನ್ನ ಬಿಡಿ ಬಿಡಿಯಾಗಿ ಎಣಿಸಿದಾಗ ನಂಬರ್ ಏರುತ್ತೆ. ಕೆಲವರು ಅಡಿನೊ ಒಂದು ಅಡಿನೊ ಎರಡು ಅಂತ ಬೇರೆ ಬೇರೆ ಎಣಿಸ್ತಾರೆ. ಕೆಲವದ್ರಲ್ಲಿ ನಾಯಿ ಕರೋನಾನೂ ಸೇರಿರುತ್ತೆ, ಅದು ನಮಗೆ ಬಂದ ಕೋವಿಡ್ ಅಲ್ಲ, ನಾಯಿ ಹೊಟ್ಟೆಗೆ ಸಂಬಂಧಪಟ್ಟಿದ್ದು, ಆ ಲಸಿಕೆ ಬೇಕು ಅಂತ ಡಬ್ಲ್ಯುಎಸ್‌ಎವಿಎ ಹೇಳಲ್ಲ. ಹಾಗಾಗಿ ನಂಬರ್ ಕೇಳ್ಬೇಡಿ, ಒಳಗೆ ಏನೇನಿದೆ ಕೇಳಿ, ಲೆಪ್ಟೋ ಎಷ್ಟು ಬಗೆ ಅಂತ ಕೇಳಿ. ನೊಬಿವ್ಯಾಕ್, ವ್ಯಾನ್‌ಗಾರ್ಡ್, ಕ್ಯಾನಿಜೆನ್, ಮೆಗಾವ್ಯಾಕ್ ಎಲ್ಲಾ ಇಲ್ಲಿ ಸಿಗುತ್ತೆ, ಯಾವ ಕಂಪನಿ ಅನ್ನೋದಕ್ಕಿಂತ ಫ್ರಿಜ್ಜಲ್ಲಿ ಹೇಗಿಟ್ಟಿದಾರೆ ಅನ್ನೋದು ದೊಡ್ಡದು ಅಂತ ಮೇಡಂ ಹೇಳಿದ್ರು.

ಆ ಫ್ರಿಜ್ ಬಗ್ಗೆ ಹೇಳ್ಲೇಬೇಕು, ನನಗೆ ಈ ಕ್ಲಿನಿಕ್ಕಲ್ಲಿ ಎಲ್ಲಕ್ಕಿಂತ ಹಿಡಿಸಿದ್ದೇ ಅದು. ಲಸಿಕೆಗೆ ಅಂತಾನೇ ಒಂದು ಚಿಕ್ಕ ಫ್ರಿಜ್, ಒಳಗೆ ಹಾಲು ಮೊಸರು ಊಟದ ಡಬ್ಬ ಏನೂ ಇಲ್ಲ, ಒಂದು ಥರ್ಮಾಮೀಟರ್ ನೇತಾಡ್ತಿರುತ್ತೆ, ಬಾಗಿಲ ಮೇಲೆ ಒಂದು ಹಾಳೆ, ಬೆಳಿಗ್ಗೆ ಸಂಜೆ ಎಷ್ಟು ಡಿಗ್ರಿ ಇತ್ತು ಅಂತ ಬರ್ದಿರ್ತಾರೆ. 2ರಿಂದ 8 ಡಿಗ್ರಿ ಒಳಗೆ ಇರ್ಬೇಕು. ಬಿಸಿ ಆದ್ರೂ ಹಾಳು, ಕೆಲವು ಲಸಿಕೆ ಹೆಪ್ಪುಗಟ್ಟಿದ್ರೂ ಹಾಳು. ಮಲೆನಾಡಲ್ಲಿ ಮಳೆಗಾಲದಲ್ಲಿ ಕರೆಂಟು ಹೋದ್ರೆ ಎಷ್ಟೊತ್ತಿಗೆ ಬರುತ್ತೆ ಹೇಳೋಕಾಗಲ್ಲ, ಅದಕ್ಕೆ ಇನ್ವರ್ಟರ್ ಇದೆ. ಹಾಕೋವಾಗ ಬಾಟ್ಲಿ ನಮ್ಮ ಕೈಗೆ ಕೊಟ್ಟು ತಾರೀಕು ಓದಿಸ್ತಾರೆ, ಒಂದು ಬಾಟ್ಲೀಲಿ ಬಿಳಿ ಪುಡಿ, ಇನ್ನೊಂದರಲ್ಲಿ ನೀರು, ನಮ್ಮೆದುರೇ ಬೆರೆಸಿ ತಕ್ಷಣ ಹಾಕ್ತಾರೆ. ಬಾಟ್ಲಿ ಮೇಲಿನ ಸ್ಟಿಕ್ಕರ್ ಕಿತ್ತು ಕಾರ್ಡಿಗೆ ಅಂಟಿಸ್ತಾರೆ, ಅದರಲ್ಲಿ ಬ್ಯಾಚ್ ನಂಬರ್ ಇರುತ್ತೆ, ಪಕ್ಕದಲ್ಲಿ ಸಹಿ, ಮುಂದಿನ ತಾರೀಕು. ರಾಜನಿಗೆ ಸಿರಿಂಜಲ್ಲಿ ತುಂಬಿಟ್ಟಿದ್ದನ್ನ ಹಾಕಿದ್ರಲ್ಲ ಅಂತ ನೆನಪಾಗಿ ಹೊಟ್ಟೆ ಉರೀತು. ನಮ್ಮ ಪಕ್ಕದ ಮನೆಯೋರು ಮೆಡಿಕಲ್ ಶಾಪಲ್ಲಿ ಲಸಿಕೆ ತಗೊಂಡು ಪ್ಲಾಸ್ಟಿಕ್ ಕವರಲ್ಲಿ ಹಾಕ್ಕೊಂಡು ಬಸ್ಸಲ್ಲಿ ಎರಡು ಗಂಟೆ ಕೂತು ಬಂದು ಮನೇಲೇ ಚುಚ್ತಾರೆ, ಅವ್ರಿಗೂ ಹೇಳಿದೀನಿ, ದಯವಿಟ್ಟು ಹಾಗೆ ಮಾಡ್ಬೇಡಿ.

ಹೀಗೆ ನಮ್ಮ ಚಂದುಗೆ ಎಂಟೂವರೆ ವಾರಕ್ಕೆ ಮರಿಗಳದ್ದು ಡಿಪಿ ಅಂದ್ರೆ ಡಿಸ್ಟೆಂಪರ್ ಪಾರ್ವೊ ಎರಡೇ ಇರೋದು, ಹನ್ನೆರಡೂವರೆಗೆ ಡಿಎಚ್‌ಪಿಪಿಐಎಲ್ ಜೊತೆಗೆ ರೇಬಿಸ್, ಹದಿನಾರೂವರೆಗೆ ಮತ್ತೆ ಅದೇ ಎರಡು, 26 ವಾರಕ್ಕೆ ಲೆಪ್ಟೋ ಇಲ್ಲದ ಒಂದು ಬೂಸ್ಟರ್. ಆ 26 ವಾರದ್ದು ಯಾಕೆ ಅಂದ್ರೆ ಅಕಸ್ಮಾತ್ ಹದಿನಾರನೇ ವಾರದಲ್ಲೂ ತಾಯಿ ಹಾಲಿನ ಶಕ್ತಿ ಉಳ್ಕೊಂಡಿದ್ದ ಮರಿ ಆಗಿದ್ರೆ ಒಂದು ವರ್ಷದ ತನಕ ಕಾಯೋದ್ರೊಳಗೆ ಪಾರ್ವೊ ಬಂದುಬಿಡಬಹುದು. ಅಲ್ಲೀತನಕ ಚಂದೂನ ರಸ್ತೆಗೆ ಬಿಡ್ಲಿಲ್ಲ, ಕ್ಲಿನಿಕ್ಕಲ್ಲೂ ನೆಲಕ್ಕೆ ಬಿಡ್ದೆ ಬುಟ್ಟೀಲಿ ಮಡಿಲಲ್ಲೇ ಇಟ್ಕೊಂಡಿದ್ವಿ.

ನಾಲ್ಕನೇ ಸಲ ಹೋದಾಗ ಪಕ್ಕದಲ್ಲಿ ಒಂದು ಮುಧೋಳ ನಾಯಿ ಬಂದಿತ್ತು, ಉದ್ದ ಕಾಲು, ಏನು ಚೆಂದ ಇತ್ತು ಅಂತೀರಿ, ಎದುರಿಗೆ ಒಬ್ಬರ ತೊಡೆ ಮೇಲೆ ಅಂಗೈಯಷ್ಟು ಪೊಮೆರೇನಿಯನ್ ಮರಿ. ಎರಡಕ್ಕೂ ಒಂದೇ 1 ಎಂಎಲ್ ಹಾಕಿದ್ರು. ಇದು ನನಗೆ ಹೊಸದು. ಬೆಂಗಳೂರಲ್ಲಿ ನಮ್ಮ ಅಣ್ಣನ ಮನೇಲಿ ಶಿಟ್ಜು ಇದೆ, ಬೆಲ್ಲ ಅಂತ ಹೆಸರು, ಅದಕ್ಕೆ ಮರಿ ಇದ್ದಾಗ ಯಾರೋ ಒಬ್ಬರು ‘ಚಿಕ್ಕ ಜಾತಿ, ಅರ್ಧ ಸಾಕು’ ಅಂತ ಅರ್ಧ ಹಾಕಿ ಕಳ್ಸಿದ್ರು. ಜ್ವರದ ಮಾತ್ರೆ ಥರ ತೂಕ ನೋಡಿ ಲಸಿಕೆ ಕೊಡಲ್ಲ, ದೇಹಕ್ಕೆ ರೋಗದ ಪರಿಚಯ ಮಾಡ್ಸೋಕೆ ಇಷ್ಟು ಬೇಕು ಅಂತ ಇರುತ್ತೆ, ಅದಕ್ಕಿಂತ ಕಮ್ಮಿ ಹಾಕಿದ್ರೆ ಹಾಕಿದ ಲೆಕ್ಕಕ್ಕೆ ಬರಲ್ಲ. ಅವತ್ತು ರಾತ್ರೀನೇ ಅತ್ತಿಗೆಗೆ ಫೋನ್ ಮಾಡಿ ಹೇಳ್ದೆ, ಅವ್ರು ಬೇರೆ ಡಾಕ್ಟ್ರ ಹತ್ರ ಹೋಗಿ ಸರಿಯಾಗಿ ಮತ್ತೆ ಹಾಕ್ಸಿದ್ರು.

ಬೆಲ್ಲನ ಪಟ್ಟಿ ಚಂದು ಪಟ್ಟಿಗಿಂತ ಬೇರೆ. ಅಣ್ಣ ಅತ್ತಿಗೆ ಇಬ್ರೂ ಕೆಲಸಕ್ಕೆ ಹೋಗೋರು, ಹಬ್ಬಕ್ಕೆ ಊರಿಗೆ ಬರೋವಾಗ ಬೆಲ್ಲನ್ನ ನಾಯಿ ನೋಡ್ಕೊಳ್ಳೋ ಬೋರ್ಡಿಂಗಲ್ಲಿ ಬಿಡ್ತಾರೆ, ತಿಂಗಳಿಗೊಂದ್ಸಲ ಗ್ರೂಮಿಂಗ್, ಸಂಜೆ ಪಾರ್ಕಲ್ಲಿ ಹತ್ತು ನಾಯಿ ಜೊತೆ ಆಟ. ಅಂಥ ನಾಯಿಗೆ ಕೆನಲ್ ಕಾಫ್ ಲಸಿಕೆ ಬೇಕು, ಬೋರ್ಡೆಟೆಲ್ಲಾ ಅನ್ನೋ ಬ್ಯಾಕ್ಟೀರಿಯಾದಿಂದ ಬರೋ ಒಣಕೆಮ್ಮು, ಒಂದೇ ಕಡೆ ತುಂಬಾ ನಾಯಿ ಸೇರಿದಾಗ ಬೇಗ ಹರಡುತ್ತೆ. ಅದು ಚುಚ್ಚೋದಲ್ಲ, ಮೂಗಿಗೆ ಹನಿ ಹಾಕೋದು, ಅದೂ ವರ್ಷಕ್ಕೊಂದ್ಸಲ, ಬೋರ್ಡಿಂಗಿಗೆ ಬಿಡೋ ಹಿಂದಿನ ದಿನ ಓಡಿ ಹೋಗಿ ಹಾಕ್ಸಿದ್ರೆ ಆಗಲ್ಲ, ಕೆಲವು ದಿನ ಮುಂಚೆ ಹಾಕ್ಸಿರ್ಬೇಕು. ಅಣ್ಣ ಇದಕ್ಕೆ 800 ಕೊಟ್ರು. ನಾನು ಚಂದುಗೂ ಹಾಕ್ಸೋಣ್ವಾ ಅಂತ ಕೇಳ್ದೆ, ಮೇಡಂ ‘ಚಂದು ಯಾವ ಬೋರ್ಡಿಂಗಿಗೆ ಹೋಗ್ತಾನೆ? ಆ ದುಡ್ಡಲ್ಲಿ ಉಣುಗಿನ ಔಷಧಿ ತಗೊಳ್ಳಿ’ ಅಂದ್ರು. ಲೆಪ್ಟೋ ಬೆಂಗಳೂರಿನ ಬೆಲ್ಲನಿಗೂ ಹಾಕ್ತಾರೆ, ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲೂ ಇಲಿ ಇದೆ, ಮಳೆ ಬಂದ್ರೆ ಅಲ್ಲೂ ನೀರು ನಿಲ್ಲುತ್ತೆ.

ಉಣುಗಿನ ಮಾತು ಬಂತಲ್ಲ, ಅದನ್ನೂ ಹೇಳ್ತೀನಿ. ನಮ್ಮ ಕಡೆ ನಾಯಿ ಸಾಯೋದು ಜಾಸ್ತಿ ಉಣುಗಿನ ಜ್ವರದಿಂದಾನೇ ಅಂತ ನನಗನ್ಸುತ್ತೆ, ಎಲ್ಲಾ ಮನೇಲೂ ಒಂದು ಕಥೆ ಇದೆ. ಇಷ್ಟೆಲ್ಲಾ ಲಸಿಕೆ ಹಾಕ್ಸಿದ್ವಲ್ಲ ಇನ್ನು ಅದೂ ಬರಲ್ಲ ಅಂತ ಅಮ್ಮ ಅಂದ್ಕೊಂಡಿದ್ರು. ಇವತ್ತು ಇಲ್ಲಿ ಹಾಕ್ತಿರೋ ಯಾವ ಇನ್ 1 ಲಸಿಕೇನೂ ಉಣುಗಿನ ಜ್ವರ ತಡೆಯಲ್ಲ, ಅದಕ್ಕೆ ಉಣುಗು ಸಾಯ್ಸೋ ಮಾತ್ರೆ, ಬೆನ್ನಿಗೆ ಹಾಕೋ ಹನಿ, ಕೈಯಲ್ಲಿ ಹುಡುಕಿ ತೆಗೆಯೋದು ಇಂಥವೇ ದಾರಿ. ದಿನಾ ಸಂಜೆ ಕಿವಿ ಒಳಗೆ, ಬೆರಳ ಸಂದೀಲಿ, ಬಾಲದ ಕೆಳಗೆ ನೋಡ್ತೀವಿ, ಈಗ ಅದು ಅಮ್ಮನ ಕೆಲಸ.

ರೇಬಿಸ್ ಬಗ್ಗೆ ನಮ್ಮೂರಲ್ಲಿ ಎರಡು ಮಾತು ಇಲ್ಲ, ಹುಚ್ಚುನಾಯಿ ಕಚ್ಚಿದ ಹಸು ಹೇಗೆ ಸಾಯುತ್ತೆ ಅಂತ ಹಿರಿಯರೆಲ್ಲ ನೋಡಿದಾರೆ. ಲಕ್ಷಣ ಕಾಣಿಸ್ಕೊಂಡ ಮೇಲೆ ಮನುಷ್ಯ ಆಗ್ಲಿ ಪ್ರಾಣಿ ಆಗ್ಲಿ ಉಳಿಯೋದು ಇಲ್ವೇ ಇಲ್ಲ ಅನ್ನಬಹುದು. ಆದ್ರೂ ‘ನಾಟಿ ನಾಯಿಗೆ ಎಂಥಾ ಇಂಜೆಕ್ಷನ್, ಅದು ಗಟ್ಟಿ’ ಅಂತಾರೆ. ವೈರಸ್ಸಿಗೆ ನಾಟಿ, ಜಾತಿ ಅಂತ ಏನಿಲ್ಲ. ಮೂರು ತಿಂಗಳು ತುಂಬಿದ್ಮೇಲೆ ಮೊದಲ ರೇಬಿಸ್ ಲಸಿಕೆ, ನಮ್ಮಂಥ ಕಡೆ ಕೆಲವು ವಾರಕ್ಕೆ ಇನ್ನೊಂದು, ಆಮೇಲೆ ವರ್ಷಕ್ಕೊಂದು. ದುಡ್ಡಿನ ತೊಂದ್ರೆ ಇರೋರು ಇದಕ್ಕೆ ಶಿವಮೊಗ್ಗಕ್ಕೆ ಹೋಗ್ಬೇಕಂತೇನಿಲ್ಲ, ನಮ್ಮ ಸರ್ಕಾರಿ ದನದ ಆಸ್ಪತ್ರೆಗಳಲ್ಲೇ ಹಾಕ್ತಾರೆ, ಸೆಪ್ಟೆಂಬರ್ 28 ರೇಬಿಸ್ ದಿನ, ಆ ಹೊತ್ತಲ್ಲಿ ಪಶುಪಾಲನಾ ಇಲಾಖೆಯೋರು ಕ್ಯಾಂಪ್ ಮಾಡಿ ಉಚಿತವಾಗಿ ಹಾಕ್ತಾರೆ, ನಮ್ಮ ಬೀದೀಲಿ ತಿರುಗೋ ಎರಡು ನಾಯಿಗೆ ನಾನು ಹಾಗೇ ಹಾಕ್ಸಿದ್ದು, ಅಲ್ಲಿದ್ದ ಸಿಬ್ಬಂದಿ ಬೇಸರ ಮಾಡ್ದೆ ಹಾಕಿ ಸರ್ಟಿಫಿಕೇಟೂ ಕೊಟ್ರು. ಇನ್ನೊಂದು, ಲಸಿಕೆ ಹಾಕ್ಸಿರೋ ನಾಯೀನೇ ಕಚ್ಚಿದ್ರೂ ಗಾಯಾನ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಡಾಕ್ಟ್ರ ಹತ್ರ ಹೋಗ್ಲೇಬೇಕು, ಅರಿಶಿನ ಸುಣ್ಣ ಮೆತ್ತೋದಲ್ಲ. ನಮ್ಮ ಮಗಳಿಗೆ ಏಳು ವರ್ಷ, ಇದನ್ನ ಅವಳಿಗೂ ಬಾಯಿಪಾಠ ಮಾಡ್ಸಿದೀನಿ.

ಹಾಕಿದ್ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸ್ತಾರೆ, ಎಷ್ಟು ಅರ್ಜೆಂಟ್ ಇದೆ ಅಂದ್ರೂ ಬಿಡಲ್ಲ. ನಾನು ಆ ಪೊಮೆರೇನಿಯನ್ ಹೇಳಿದ್ನಲ್ಲ, ಹಾಕಿ ಹದಿನೈದು ನಿಮಿಷಕ್ಕೆ ಅದರ ಮುಖ ಊದೋಕೆ ಶುರು ಆಯ್ತು, ಕಣ್ಣು ಮುಚ್ಕೊಳ್ಳೋ ಹಾಗೆ, ವಾಂತಿ ಆಯ್ತು. ಮೇಡಂ ಓಡಿ ಬಂದು ಇಂಜೆಕ್ಷನ್ ಕೊಟ್ರು, ಒಂದು ಗಂಟೆಗೆ ಊತ ಇಳೀತು. ಬಸ್ಸಲ್ಲಿದ್ದಾಗ ಹಾಗಾಗಿದ್ರೆ ಏನ್ಮಾಡ್ತಿದ್ರು? ಇದು ಅಪರೂಪ, ಹೆದರಿ ಲಸಿಕೆ ಬಿಡೋ ಅಂಥದ್ದಲ್ಲ, ಆದ್ರೆ ಅರ್ಧ ಗಂಟೆ ಕೂರಿ. ಚಂದುಗೆ ಒಂದಿನ ಮಂಪರು, ಊಟ ಕಮ್ಮಿ, ಚುಚ್ಚಿದ ಜಾಗದಲ್ಲಿ ಅಡಿಕೆಯಷ್ಟು ಗಂಟು, ಎರಡು ವಾರದಲ್ಲಿ ತಾನಾಗೇ ಹೋಯ್ತು.

ಬೇಜಾರಾಗಿದ್ದೂ ಇದೆ. ಕಾಯಿಸೋದು ಜಾಸ್ತಿ, ಒಂದ್ಸಲ ಎರಡೂಕಾಲು ಗಂಟೆ ಕೂತಿದೀವಿ. ಫೋನ್ ಎತ್ತಲ್ಲ, ಮೆಸೇಜ್ ಹಾಕಿದ್ರೆ ರಾತ್ರಿ ಉತ್ತರ ಬರುತ್ತೆ. ಗಾಡಿ ನಿಲ್ಲಿಸೋಕೆ ಜಾಗ ಇಲ್ಲ. ಕೂರೋ ಜಾಗ ಒಂದೇ, ಲಸಿಕೆಗೆ ಬಂದ ಮರಿ, ಭೇದಿ ಆಗಿ ಬಂದ ನಾಯಿ ಎಲ್ಲಾ ಒಂದೇ ಕಡೆ, ನನಗಂತೂ ಮೊದಲ ಸಲ ಜೀವ ಕೈಯಲ್ಲಿ ಹಿಡ್ಕೊಂಡ ಹಾಗಿತ್ತು. ಹೇಳಿದ್ಮೇಲೆ ಈಗ ಮರಿ ತಂದೋರಿಗೆ ಗಾಡೀಲೇ ಕೂತಿರಿ, ಕರೀತೀವಿ ಅಂತಾರೆ, ಆದ್ರೂ ಬೈಕಲ್ಲಿ ಬರೋರು ಎಲ್ಲಿ ಕೂರ್ತಾರೆ, ಅದಕ್ಕೊಂದು ವ್ಯವಸ್ಥೆ ಆಗ್ಬೇಕು. ಲಸಿಕೆ ಕಾರ್ಡು ಪೂರ್ತಿ ಇಂಗ್ಲಿಷಲ್ಲಿದೆ, ಕಂಪನಿಯೋರು ಕೊಡೋದೇ ಹಾಗಂತೆ. ನಾನು ಮನೇಲಿ ಇಲ್ದಿದ್ರೆ ಅಮ್ಮ ಅದನ್ನ ಹೇಗೆ ಓದ್ತಾರೆ? ಕೇಳಿದ್ದಕ್ಕೆ ಮೇಡಂ ಹಿಂದಿನ ಪುಟದಲ್ಲಿ ಕೈಯಲ್ಲೇ ಕನ್ನಡದಲ್ಲಿ ‘ಇಲಿ ಜ್ವರದ್ದು, ಹುಚ್ಚುನಾಯಿ ರೋಗದ್ದು, ಮೇ ಮೊದಲ ವಾರ’ ಅಂತ ಬರೆದು ಕೊಟ್ರು. ಕನ್ನಡದಲ್ಲೇ ಅಚ್ಚು ಹಾಕ್ಸಿದ್ರೆ ಎಷ್ಟು ಮನೆಗೆ ಉಪಯೋಗ ಆಗುತ್ತೆ.

ದುಡ್ಡಿನ ಲೆಕ್ಕ ಕೇಳೋರಿಗೆ: ನೋಡೋ ಫೀಸು ಪ್ರತಿ ಸಲ 200, ಹುಳದ ಔಷಧಿ 60, ಡಿಪಿ 500, ಲೆಪ್ಟೋ ಸೇರಿದ್ದು 750ರಂತೆ ಎರಡು ಸಲ, ರೇಬಿಸ್ 250ರಂತೆ ಎರಡು ಸಲ, ಕೊನೆ ಬೂಸ್ಟರ್ 700. ಒಟ್ಟು 4,260 ಆಯ್ತು, ಪೆಟ್ರೋಲ್ ಬೇರೆ. ಬಿಲ್ ಕೊಡ್ತಾರೆ.

ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಆ ಅರ್ಧ ಕಳೆದಿದ್ದು ಮರಿಗೂ ಕಾಯಿಲೆ ನಾಯಿಗೂ ಒಂದೇ ಬೆಂಚು ಅನ್ನೋದಕ್ಕೆ. ಶಿವಮೊಗ್ಗದಲ್ಲೇ ಇರೋರು ಮರಿ ಇದ್ರೆ ಭಾನುವಾರ ಹೋಗ್ಬೇಡಿ, ವಾರದ ಮಧ್ಯ ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ, ಹಳೇ ಲಸಿಕೆ ಚೀಟಿ ಏನಿದ್ರೂ ತಗೊಂಡು ಹೋಗಿ, ಕಕ್ಕ ಒಂದು ಚಿಕ್ಕ ಡಬ್ಬೀಲಿ ತಗೊಂಡು ಹೋದ್ರೆ ನಮ್ಮ ಥರ ಒಂದು ಸಲ ಸುಮ್ನೆ ವಾಪಸ್ ಬರೋದು ತಪ್ಪುತ್ತೆ. ಕ್ಲಿನಿಕ್ ಎಲ್ಲಿದೆ ಅಂತ ಬೇಕಾದೋರು ನನಗೆ ಮೆಸೇಜ್ ಹಾಕಿ, ಒಬ್ಬೊಬ್ಬರಿಗೆ ಹೇಳೋಕೆ ಮೇಡಂ ಬೇಡ ಅಂದಿಲ್ಲ. ಚಂದು ಈಗ ಒಂಬತ್ತು ತಿಂಗಳು, ಕೊಟ್ಟಿಗೆ ಬಾಗಿಲಲ್ಲಿ ಮಲಗಿದಾನೆ, ಮೊನ್ನೆ ಅಡಿಕೆ ಕೋಣೇಲಿ ಮೊದಲ ಇಲಿ ಹಿಡಿದ.